ನದಿ ತೆರೆಯದ ವಾರ

ಫೆಬ್ರವರಿ 3, ಸೋಮವಾರ

ನಾಲ್ಕನೇ ನೀಲಿಯ ಉಣ್ಣೆಯನ್ನು ಮತ್ತೆ ಬಣ್ಣದಲ್ಲಿ ಮುಳುಗಿಸಿದ್ದಾಯಿತು. ಇನ್ನೂ ತೆಳು. ನಾಳೆ ಇನ್ನೊಮ್ಮೆ. ಕೈಗವಸು ಎಲ್ಲೋ ಸೋರುತ್ತಿದೆ — ಮೊಣಕೈವರೆಗೆ ನೀಲಿ.

ಅಕ್ಕ ಆಸ್ಪತ್ರೆಯಿಂದ ಬಂದಳು. ಕಣ್ಣಿನ ಆಪರೇಷನ್ ಚೆನ್ನಾಗಿ ಆಗಿದೆಯಂತೆ. ಒಳಗೆ ಗಾಳಿಯ ಗುಳ್ಳೆ ಬಿಟ್ಟಿದ್ದಾರೆ. ಅದು ಸರಿಯಾದ ಜಾಗವನ್ನು ಒತ್ತಿ ಹಿಡಿಯಬೇಕಾದರೆ ಎರಡು ವಾರ ತಲೆ ಎತ್ತುವಂತಿಲ್ಲ. ಊಟ, ಮಾತು, ನಿದ್ದೆ, ಎಲ್ಲ ನೆಲ ನೋಡಿಕೊಂಡೇ. ಇನ್ನೊಂದು ಕಣ್ಣು ಸರಿಯಿದೆ. ಆದರೆ ಅದಕ್ಕೆ ಕಾಣುವುದೂ ಮಂಚದ ಕೆಳಗಿನ ಚಪ್ಪಲಿ ಮಾತ್ರ.

"ಮಗ್ಗ ಎಲ್ಲಿಗೆ ಬಂತು?" ಚಪ್ಪಲಿಯನ್ನೇ ಕೇಳಿದಳು.

"ನದಿ ಅರ್ಧ ಆಯ್ತು."

"ಬುಧವಾರದ ತನಕ ಸಾಲೋಷ್ಟು ಹಾಳೆ ಪ್ರಿಂಟ್ ತೆಗೆದಿಟ್ಟಿದೀನಿ. ಆಮೇಲೆ ನೀನೇ ತೆಗಿ. ಫೈಲ್ ಮೇಲೆ ಎರಡು ಸಲ ಒತ್ತು, ತೆರ್ಕೊಳ್ಳುತ್ತೆ. ಅಷ್ಟೇ."

ಅಷ್ಟೇ ಅಂತೆ! ನಾನು ಮುಟ್ಟಿದರೆ ಮಿಕ್ಸಿಯೂ ಮುನಿಸಿಕೊಳ್ಳುತ್ತದೆ ಎಂದು ಮನೆಯಲ್ಲಿ ಎಲ್ಲರಿಗೂ ಹೇಳುತ್ತಾ ಬಂದವಳು ಅವಳೇ.

ಗಂಬಳಿಯ ಚಿತ್ರವೆಲ್ಲ ಆ ಕಂಪ್ಯೂಟರಿನಲ್ಲಿದೆ. ಸ್ಪ್ರೆಡ್‌ಶೀಟಿನ ಒಂದು ಮನೆ ಎಂದರೆ ಮಗ್ಗದ ಮೇಲೆ ಒಂದು ಗಂಟು. ಮನೆಯಲ್ಲಿ ಬಣ್ಣದ ಸಂಖ್ಯೆ. ಅಕ್ಕ ತುಂಬುತ್ತಾಳೆ, ನಾನು ಉಣ್ಣೆಗೆ ಬಣ್ಣ ಹಾಕುತ್ತೇನೆ, ನಮ್ಮ ಮಗ್ಗದ ಹುಡುಗಿ ಸೀಟಿ ಹಾಳೆ ನೋಡಿ ಗಂಟು ಹಾಕುತ್ತಾಳೆ. ಕೆಲಸ ಮಾಡುವಾಗ ಬಾಯಲ್ಲಿ ಸದಾ ಶಿಳ್ಳೆ, ಅದಕ್ಕೇ ಸೀಟಿ. ಅವಳ ನಿಜವಾದ ಹೆಸರಿನಿಂದ ಕರೆದರೆ ಅವಳೇ ತಿರುಗಿ ನೋಡುವುದಿಲ್ಲ.

ಫೆಬ್ರವರಿ 5, ಬುಧವಾರ

ನೀಲಿ ಬಂತು! ಮಧ್ಯಾಹ್ನ ಆರಿದ ಮೇಲೂ ಬದಲಾಗಲಿಲ್ಲ. ಆಳವಾದ ನೀರಿನ ಬಣ್ಣ.

ಭಾವ ಇವತ್ತಿಡೀ ಕಂಪ್ಯೂಟರ್ ಮುಂದೆ. ಹೆಂಡತಿ ಮುಖ ಕೆಳಗೆ ಹಾಕಿ ಮಲಗಿದಾಗಿನಿಂದ ಅವರಿಗೆ ಕೈಕಾಲು ನಿಲ್ಲುತ್ತಿಲ್ಲ. ಸೋಮವಾರ ಅಟ್ಟ ಗುಡಿಸಿದರು. ನಿನ್ನೆ ಕೊಡೆಗಳನ್ನೆಲ್ಲ ರಿಪೇರಿ ಮಾಡಿದರು. ಇವತ್ತು ಕಂಪ್ಯೂಟರಿನ ಸರದಿ.

"ಹಳೇ ಆಫೀಸ್ ಸಾಫ್ಟ್‌ವೇರ್ ಅವಧಿ ಮುಗಿದಿದೆ, ಅವಧಿ ಮುಗಿದಿದೆ ಅಂತ ದಿನಾ ಗೋಳಾಡ್ತಿತ್ತಮ್ಮ. ಕಿತ್ತು ಬಿಸಾಕಿ ಬೇರೆ ಹಾಕಿದೀನಿ. ಫೈಲ್‌ಗಳನ್ನ ಒಟ್ಟು ಸೇರಿಸಿ ಗಂಟು ಕಟ್ಟೋ ಜಿಪ್ ಸಾಫ್ಟ್‌ವೇರೂ ಒಂದು ಹಾಕಿದೀನಿ. ಈಗ ನೋಡು, ಕುದುರೆ ಥರ ಓಡುತ್ತೆ."

ಫೆಬ್ರವರಿ 6, ಗುರುವಾರ, ಬೆಳಿಗ್ಗೆ

ಕುದುರೆ ಲಾಯವನ್ನೇ ಒದ್ದು ಹೋಗಿದೆ.

ಗಂಬಳಿಗೆ ಮೂರು ಫೈಲು: ನದಿ, ಅಂಚು, ಕಡಲು. 'ನದಿ' ಮೇಲೆ ಎರಡು ಸಲ ಒತ್ತಿದೆ. ತೆರೆದುಕೊಂಡಿತು... ಆದರೆ ನದಿ ಇಲ್ಲ. ಕಿಟಕಿಯೊಳಗೆ ಹಳದಿ ಡಬ್ಬಿಗಳ ಸಾಲು. ಒಂದು ಡಬ್ಬಿ ತೆಗೆದರೆ ಒಳಗೆ ಇನ್ನೊಂದು ಡಬ್ಬಿ. ಅದರೊಳಗೊಂದು ಕಾಗದ. ಕಾಗದದ ತುಂಬ ಇರುವೆ ಸಾಲಿನಂಥ ಚಿಹ್ನೆಗಳು, ಎಲ್ಲೂ ಬಣ್ಣವಿಲ್ಲ.

'ಅಂಚು' ಒತ್ತಿದೆ. ಮತ್ತೆ ಡಬ್ಬಿಗಳು. 'ಕಡಲು' ಒತ್ತಿದೆ. ಇದನ್ನು ಯಾವುದರಲ್ಲಿ ತೆರೆಯಲಿ ಎಂದು ಅದು ನನ್ನನ್ನೇ ಕೇಳಿತು. ನನ್ನನ್ನು!

ಸೀಟಿ ಬಾಗಿಲಲ್ಲಿ ನಿಂತಿದ್ದಳು. "ಚಿಕ್ಕಮ್ಮ, ಹಾಳೆ?"

"ಬರುತ್ತೆ, ಇರು."

"ನಿನ್ನೇದು ಮುಗೀತು. ಇನ್ನೇನು ಕಟ್ಲಿ?"

ಅಕ್ಕ ಒಂದು ವರ್ಷ ಕೂತು ತುಂಬಿದ ನದಿ ಪುಡಿಪುಡಿಯಾಗಿ ಡಬ್ಬಿ ಸೇರಿದೆ ಎನ್ನಲೇ?

ಅದೇ ದಿನ, ಸಂಜೆ

ಭಾವನಿಗೆ ಹೇಳಿದೆ. ಮುಖ ಸುಣ್ಣದ ಗೋಡೆಯಾಯಿತು. ನನ್ನನ್ನು ಎಬ್ಬಿಸಿ ತಾವೇ ಕೂತರು. ಆ ಡಬ್ಬಿಗಳ ಕಿಟಕಿಯಲ್ಲೇ 'ಅಂಚು' ಫೈಲಿನ ಹೆಸರು ಬದಲಾಯಿಸಿ ಕೊನೆಗೆ ಏನೋ ಸೇರಿಸಿದರು. ಈಗ ಅದು ಡಬ್ಬಿಯಾಗಿಯೂ ತೆರೆಯುವುದಿಲ್ಲ. ಇಡೀ ಪರದೆ ಕಾಗೆಕಾಲು ಗುಬ್ಬಿಕಾಲು ಅಕ್ಷರ.

ರಿಪೇರಿಯವನಿಗೆ ಫೋನ್ ಮಾಡಿದೆವು. ಪೂರ್ತಿ ಕೇಳಲೂ ಇಲ್ಲ. "ವೈರಸ್ ಇರ್ಬೇಕು. ನಾಳೆ ತನ್ನಿ. ಎಲ್ಲ ಅಳಿಸಿ ಹೊಸದಾಗಿ ಹಾಕ್ಕೊಡ್ತೀನಿ."

"ಎಲ್ಲ ಅಂದ್ರೆ?"

"ಎಲ್ಲ ಅಂದ್ರೆ ಎಲ್ಲ."

ಫೋನ್ ಇಟ್ಟೆ. ಭಾವ ಆಗಲೇ ವೈರು ಬಿಚ್ಚಲು ಬಗ್ಗಿದ್ದರು. "ಬೇಡ ಭಾವ. ಯಾರೂ ಏನೂ ಮುಟ್ಬೇಡಿ," ಎಂದೆ. ಅಷ್ಟು ಗಟ್ಟಿಯಾಗಿ ಅವರ ಜೊತೆ ಎಂದೂ ಮಾತಾಡಿದವಳಲ್ಲ. ವೈರು ಬಿಟ್ಟರು.

ಮಾರ್ಚ್ ಹದಿನೈದಕ್ಕೆ ಗ್ರಂಥಾಲಯದಲ್ಲಿ ಮಕ್ಕಳ ಓದುವ ಕೋಣೆ ತೆರೆಯುತ್ತದೆ. ಗಂಬಳಿ ಅದಕ್ಕೇ. ಸಮಿತಿಯ ಹಿರಿಯರಿಗೆ ಮೊದಲಿನಿಂದಲೂ ಯಂತ್ರದಲ್ಲಿ ನೇಯ್ದದ್ದೇ ಸಾಕಿತ್ತು. ಗ್ರಂಥಪಾಲಕಿ ಹಟ ಹಿಡಿದು ನಮಗೆ ಕೊಡಿಸಿದ್ದಾಳೆ. ನಾವು ತಡ ಮಾಡಿದರೆ ಅಂಗಡಿಯಿಂದ ಯಂತ್ರದ ಗಂಬಳಿಯ ಸುರುಳಿ ಬರುತ್ತದೆ, ನಮ್ಮ ನದಿ ಮಗ್ಗದ ಮೇಲೇ ಒಣಗುತ್ತದೆ.

ಅಕ್ಕನಿಗೆ ಹೇಳಿಲ್ಲ. ಮನಸ್ಸಿಗೆ ಆಯಾಸ ಕೊಡಬೇಡಿ ಎಂದಿದ್ದಾರೆ ಡಾಕ್ಟರು.

ಫೆಬ್ರವರಿ 7, ಶುಕ್ರವಾರ

ಹೊಸ ಬಣ್ಣವನ್ನು ಇಡೀ ಉಣ್ಣೆಯ ಮೇಲೆ ಯಾರೂ ಪರೀಕ್ಷೆ ಮಾಡುವುದಿಲ್ಲ. ಗೇಣುದ್ದ ತುಂಡು ಅದ್ದಿ ನೋಡುತ್ತಾರೆ. ಹಾಗೇ ಮಾಡಿದೆ. ಮೂರೂ ಫೈಲುಗಳ ಕಾಪಿ ಪೆನ್ ಡ್ರೈವಿಗೆ ಹಾಕಿಕೊಂಡೆ. ಕಾಪಿ ಮಾಡುವುದೊಂದು ಬರುತ್ತದೆ. ಅಕ್ಕ ಹಿಂದೊಮ್ಮೆ ಮದುವೆ ಫೋಟೋಗಳಿಗಾಗಿ ಕಲಿಸಿದ್ದಳು. ಇನ್ನು ಏನೇ ಕೆಟ್ಟರೂ ಕಾಪಿ ಕೆಡಲಿ.

ಪೆನ್ ಡ್ರೈವ್ ಹಿಡಿದು ಮೂಲೆಯ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯಾಕೆ 'ನದಿ' ಮೇಲೆ ಎರಡು ಸಲ ಒತ್ತಿದಳು.

ನದಿ ಬಂತು.

ಇಡೀ ನದಿ! ಬಂಡೆ, ಮೀನು, ದಡದ ಜೊಂಡು, ಎಲ್ಲ ಮನೆ ಮನೆಯಾಗಿ, ನನ್ನ ಏಳು ನೀಲಿಗಳೂ ಇದ್ದಲ್ಲೇ. ಅಂಗಡಿಯ ಮೇಜು ಗಟ್ಟಿಯಾಗಿ ಹಿಡಿದುಕೊಂಡೆ.

"ಫೈಲ್ ಚೆನ್ನಾಗೇ ಇದೆಯಲ್ಲ. ಏನಾಗಿದೆ ಅಂದ್ರಿ?" ಎಂದಳು.

"ಏನೂ ಆಗಿಲ್ಲ. ಏನೂ ಆಗೇ ಇಲ್ಲ!"

ಹಿಂದೆ ಸರತಿ ನಿಂತವರು ನನ್ನ ನೀಲಿ ಕೈ ನೋಡಿ ಸ್ವಲ್ಪ ದೂರ ಸರಿದರು. ಎರಡು ದಿನಕ್ಕಾಗುವಷ್ಟು ಹಾಳೆ ತೆಗೆಸಿಕೊಂಡೆ. ಮುಂದಿನ ವಾರ ಅಂಗಡಿ ಬಾಗಿಲು ಹಾಕುತ್ತಾಳಂತೆ, ತಂಗಿಯ ಮದುವೆ. ಅಂದರೆ ಇದು ಪರಿಹಾರವಲ್ಲ, ಉಸಿರಾಡಲು ಜಾಗ. ಅದೂ ಅಲ್ಲದೆ 'ಕಡಲು' ಇನ್ನೂ ಅರ್ಧ ಖಾಲಿ. ಅದನ್ನು ಅಕ್ಕ ಹೇಳಿ ನಾನು ತುಂಬಬೇಕು, ನಮ್ಮ ಮನೆಯ ಕಂಪ್ಯೂಟರಿನಲ್ಲೇ.

ದಾರಿಯುದ್ದಕ್ಕೂ ಯೋಚಿಸಿದೆ. ಅದೇ ಫೈಲು. ಅಲ್ಲಿ ನದಿ, ಇಲ್ಲಿ ಡಬ್ಬಿ. ಒಂದೇ ನೂಲು ಎರಡು ತೊಟ್ಟಿಯಲ್ಲಿ ಎರಡು ಬಣ್ಣ ಬಂದರೆ ತಪ್ಪು ನೂಲಿನದಲ್ಲ. ನೂಲು ತಪ್ಪು ತೊಟ್ಟಿಗೆ ಬೀಳುತ್ತಿದೆ. ಅಷ್ಟೇ ಇರಬೇಕು.

ಸಂಜೆ ಮಹಡಿಗೆ ಗಂಜಿ ತೆಗೆದುಕೊಂಡು ಹೋದರೆ ಅಕ್ಕ ನೆಲಕ್ಕೆ ಹೇಳಿದಳು — "ನಿನ್ನೆ ಇಡೀ ದಿನ ಸೀಟಿ ಶಿಳ್ಳೆ ಕೇಳಿಸ್ಲಿಲ್ಲ. ಇವತ್ತು ಮಧ್ಯಾಹ್ನದ ಮೇಲೆ ಶುರುವಾಯ್ತು. ಕಣ್ಣಿಗೆ ಪಟ್ಟಿ ಕಟ್ಟಿದಾರೆ ಕಣೇ, ಕಿವಿಗಲ್ಲ. ಏನಾಯ್ತು ಹೇಳು."

ಹೇಳಿಬಿಟ್ಟೆ. ಡಬ್ಬಿ, ಇರುವೆ, ಭಾವ, ರಿಪೇರಿಯವನು, ಎಲ್ಲ. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

"ನಿಂಗೆ ಗೊತ್ತಿರುತ್ತಲ್ಲ ಅಕ್ಕ, ಹೇಗೆ ಸರಿ ಮಾಡೋದು?"

"ನಂಗೂ ಎರಡು ಸಲ ಒತ್ತೋದು ಮಾತ್ರ ಗೊತ್ತು ಕಣೇ. ತೆರ್ಕೊಂಡ ಮೇಲಿಂದೇ ನನ್ನ ವಿದ್ಯೆ."

ಮೂವತ್ತು ವರ್ಷ ಇವಳನ್ನು ಯಂತ್ರದ ಗುರು ಎಂದು ನಂಬಿದ್ದೆನಲ್ಲ! ಇಬ್ಬರಿಗೂ ನಗು ಬಂತು. ಅವಳು ನಗುವಂತಿಲ್ಲ, ತಲೆ ಅಲುಗುತ್ತದೆ. ದಿಂಬು ಕಚ್ಚಿಕೊಂಡು ನಕ್ಕಳು.

ಫೆಬ್ರವರಿ 8, ಶನಿವಾರ, ಬೆಳಿಗ್ಗೆ 11

ಕಾಪಿಯ ಮೇಲೆ ಮೌಸಿನ ಬಲಗಡೆ ಗುಂಡಿ ಒತ್ತಿದೆ. ಉದ್ದದ ಪಟ್ಟಿ ಬಿಚ್ಚಿಕೊಂಡಿತು. ನಿಧಾನವಾಗಿ ಒಂದೊಂದೇ ಓದಿದೆ. 'ಓಪನ್ ವಿತ್' — ಯಾವುದರ ಜೊತೆ ತೆರೆಯಲಿ. ಅದರೊಳಗೆ ಎರಡು ಹೆಸರು. ಮೇಲೆ ಗಂಟು ಕಟ್ಟುವ ಸಾಫ್ಟ್‌ವೇರ್. ಕೆಳಗೆ ಭಾವ ಹಾಕಿದ ಹೊಸ ಸ್ಪ್ರೆಡ್‌ಶೀಟ್. ಎರಡನೆಯದನ್ನು ಒತ್ತಿದೆ.

ಬಂತು! ನಮ್ಮ ಮನೆಯಲ್ಲೇ, ನಮ್ಮ ಪರದೆಯ ಮೇಲೇ!

ಮುಚ್ಚಿ ಮತ್ತೆ ಎರಡು ಸಲ ಒತ್ತಿದೆ. ಡಬ್ಬಿಗಳು. ಥೂ. ಅಂದರೆ ಒಂದು ಸಲಕ್ಕೆ ಮಾತ್ರ ಕೇಳುತ್ತದೆ, ನೆನಪಿಟ್ಟುಕೊಳ್ಳುವುದಿಲ್ಲ. ಮತ್ತೆ ಬಲಗುಂಡಿ. ಪಟ್ಟಿಯ ಕೊನೆಯಲ್ಲಿ 'ಬೇರೆ ಆ್ಯಪ್ ಆರಿಸಿ' ಎಂದಿತ್ತು. ಆರಿಸಿದೆ. ಕೆಳಗೆ ಎರಡು ಗುಂಡಿ: ಈ ಬಾರಿಗೆ ಮಾತ್ರ, ಯಾವಾಗಲೂ. 'ಯಾವಾಗಲೂ' ಒತ್ತಿದೆ. ಮುಚ್ಚಿದೆ. ಎರಡು ಸಲ ಒತ್ತಿದೆ.

ನದಿ. ಮತ್ತೆ ಮುಚ್ಚಿ ಮತ್ತೆ ಒತ್ತಿದೆ. ನದಿ. ಸುಮ್ಮನೆ ಖುಷಿಗೆ ಇನ್ನೂ ಎಷ್ಟು ಸಲ ಮಾಡಿದೆನೋ.

ಮಧ್ಯಾಹ್ನ

ನದಿ ಸರಿಹೋಯಿತು. ಅಂಚು, ಕಡಲು ಹಾಗೇ ಇವೆ. ಒಂದೇ ತಾಯಿಯ ಮಕ್ಕಳು, ಒಂದು ಮಾತು ಕೇಳಿತು, ಉಳಿದೆರಡು ಯಾಕೆ ಕೇಳುವುದಿಲ್ಲ?

ಭಾವನನ್ನು ಕರೆದು ಕೇಳಿದೆ, "ಅವತ್ತು ಅಂಚಿನ ಹೆಸರಿಗೆ ಏನು ಸೇರಿಸಿದ್ರಿ?"

ತಲೆ ಕೆರೆದುಕೊಂಡರು. "ಚುಕ್ಕಿ ಇಟ್ಟು ಟಿ ಎಕ್ಸ್ ಟಿ ಅಂತ ಏನೋ... ಎಲ್ಲ ಯಂತ್ರದಲ್ಲೂ ತೆರೆಯುತ್ತೆ ಅಂತ ಯಾರೋ ಹೇಳಿದ್ರು."

"ಈಗ ಕಾಣಿಸ್ತಿಲ್ಲವಲ್ಲ?"

"ಅದೇ ನಂಗೂ ಆಶ್ಚರ್ಯ. ಸೇರಿಸಿದ್ದಂತೂ ಸತ್ಯ."

ಇಬ್ಬರೂ ಸೇರಿ ಹುಡುಕಿದೆವು. ಮೇಲ್ಗಡೆ 'ವ್ಯೂ' ಎಂಬಲ್ಲಿ, ಫೈಲ್ ಹೆಸರಿನ ಎಕ್ಸ್‌ಟೆನ್ಷನ್ ತೋರಿಸಲೇ ಎನ್ನುವ ಖಾಲಿ ಚೌಕ. ಟಿಕ್ ಹಾಕಿದ್ದೇ ತಡ, ಎಲ್ಲ ಹೆಸರುಗಳಿಗೂ ಬಾಲ ಮೊಳೆಯಿತು!

ನದಿಗೆ .xlsx. ಕಡಲಿಗೆ .xls — ಅಕ್ಕ ಅದನ್ನು ಯಾವುದೋ ಹಳೇ ಚಿತ್ರದಿಂದ ಎತ್ತಿ ಶುರು ಮಾಡಿದ್ದು, ಹಳೇ ಕಾಲದ ಗಿಡ್ಡ ಬಾಲ. ಅಂಚಿಗೆ ಎರಡು ಬಾಲ, .xlsx.txt.

"ಅಯ್ಯೋ ಶಿವನೇ! ನಾನು ಬಾಲದ ಮೇಲೆ ಬಾಲ ಅಂಟಿಸಿದೀನಿ," ಎಂದರು ಭಾವ.

ಕಂಪ್ಯೂಟರ್ ಫೈಲಿನ ಮುಖ ನೋಡುವುದಿಲ್ಲ, ಬಾಲ ನೋಡಿ ಯಾರ ಮನೆಗೆ ಕಳಿಸಬೇಕೆಂದು ತೀರ್ಮಾನಿಸುತ್ತದೆ. ಒಂದೊಂದು ಬಾಲಕ್ಕೂ ಬೇರೆ ಬೇರೆಯಾಗಿ ಹೇಳಬೇಕು. ಇಷ್ಟೇ ಗುಟ್ಟು!

ಮೊದಲು ಅಂಚಿನ ಕಾಪಿ. ಹಿಂದಿನ ಬಾಲ ಅಳಿಸಿದೆ. ಬದಲಾಯಿಸಿದರೆ ಫೈಲ್ ಕೆಡಬಹುದು, ಖಂಡಿತವಾ ಎಂದು ಹೆದರಿಸಿತು. ಖಂಡಿತ ಎಂದೆ. ತೆರೆಯಿತು. ಅಂಚು ಇದ್ದಂತೇ ಇತ್ತು, ಒಂದು ಮನೆಯೂ ಆಚೀಚೆಯಿಲ್ಲ. ಆಮೇಲೆ ಕಡಲು. ಬಲಗುಂಡಿ, ಹೊಸ ಸ್ಪ್ರೆಡ್‌ಶೀಟ್, ಯಾವಾಗಲೂ. ಅದೂ ತೆರೆಯಿತು. ಕೊನೆಗೆ ಕಾಪಿಗೆ ಮಾಡಿದ್ದನ್ನೇ ಅಸಲಿಗೂ ಮಾಡಿದೆ.

ಹಾಳೆ ಪ್ರಿಂಟಾಗಿ ಬಿಸಿಬಿಸಿ ಬಂತು. ಸೀಟಿಯ ಕೈಗೆ ಕೊಟ್ಟೆ. ಬೆಳಕಿಗೆ ಹಿಡಿದು ನೋಡಿದಳು. "ಚಿಕ್ಕಮ್ಮ, ಇದು ನೀವು ತೆಗ್ದಿದ್ದಾ?"

"ಹೂಂ. ನಾನೇ."

"ಮಿಕ್ಸಿಗೆ ಹೇಳ್ಬೇಕು."

ಫೆಬ್ರವರಿ 11, ಮಂಗಳವಾರ

ಕಡಲು ತುಂಬಲು ಶುರು. ಕಂಪ್ಯೂಟರನ್ನೇ ಮಹಡಿಗೆ ಹೊತ್ತೊಯ್ದೆವು. ಅಕ್ಕ ನೆಲ ನೋಡಿಕೊಂಡು ಹೇಳುತ್ತಾಳೆ, ನಾನು ತುಂಬುತ್ತೇನೆ. "ಎಡದಿಂದ ಆರು ಮನೆ ಎರಡನೇ ನೀಲಿ. ಆಮೇಲೆ ಒಂದು ಬಿಳಿ. ನೊರೆ ಅದು, ಒಂದೇ ಸಾಕು." ಅವಳ ತಲೆಯೊಳಗೆ ಇಡೀ ಕಡಲಿದೆ.

ನಡುವೆ ಕರೆಂಟ್ ಹೋಯಿತು. ಬಂದ ಮೇಲೆ ಕಂಪ್ಯೂಟರ್ ಏನೋ ಅಪ್‌ಡೇಟ್ ಎಂದು ಗಿರಗಿರ ಸುತ್ತಿತು. ಕಡಲು ಒತ್ತಿದೆ. ಬಂತು. ಸದ್ಯ, ಬೆಳಿಗ್ಗೆಯದು ಉಳಿದಿತ್ತು. ಒಂದು ಹೊಂದಿಕೆ ನೋಡಬೇಕೆಂದು ನದಿ ಒತ್ತಿದೆ.

ಡಬ್ಬಿಗಳು.

"ಯಾಕೆ ಸುಮ್ಮನಾದೆ?" ನೆಲ ಕೇಳಿತು.

"ಗಂಟು ಕಟ್ಟುವ ಮಹಾರಾಯ ವಾಪಸ್ ಬಂದಿದಾನೆ."

"ಓಡಿಸು."

ಮೊನ್ನೆಯಂತೆ ಭಯವಾಗಲಿಲ್ಲ. ಸಿಟ್ಟು ಬಂತು. ಸಿಟ್ಟು ಎಷ್ಟೋ ವಾಸಿ.

ಫೆಬ್ರವರಿ 12, ಬುಧವಾರ

ಓಡಿಸಿದೆ!

ನಿನ್ನೆ 'ಯಾವಾಗಲೂ' ಒತ್ತಿ ಸರಿ ಮಾಡಿದೆ. ಬೇಕೆಂದೇ ಕಂಪ್ಯೂಟರ್ ಆರಿಸಿ ಹಚ್ಚಿದೆ. ಮತ್ತೆ ಡಬ್ಬಿ. ನಾನು ಹೇಳಿದ್ದನ್ನು ಯಾರೋ ಹಿಂದಿನಿಂದ ಬಂದು ಅಳಿಸುತ್ತಿದ್ದಾರೆ. ಕಳ್ಳ ಯಾರೆಂದು ಗೊತ್ತಿದ್ದ ಮೇಲೆ ಅವನ ಮನೆಗೇ ಹೋಗುವುದು ಸರಿ. ಗಂಟು ಕಟ್ಟುವ ಸಾಫ್ಟ್‌ವೇರನ್ನೇ ತೆರೆದು ಅದರ ಸೆಟ್ಟಿಂಗ್ಸ್ ಒಳಗೆ ಹೊಕ್ಕೆ. ಮೂರನೇ ಪುಟದಲ್ಲಿ ಸಿಕ್ಕಿತು. ಯಾವ ಯಾವ ಬಾಲದ ಫೈಲುಗಳೆಲ್ಲ ನನ್ನವು ಎಂದು ಅದು ಟಿಕ್ ಹಾಕಿಕೊಂಡು ಕೂತ ಪಟ್ಟಿ. ಕಂಡದ್ದೆಲ್ಲ ತನ್ನದಂತೆ! .xlsx ಅದರ ನಡುವೆ ಸದ್ದಿಲ್ಲದೆ ಕೂತಿತ್ತು. ಟಿಕ್ ತೆಗೆದೆ. ಕೆಳಗೆ, ಪ್ರತಿಸಲ ಶುರುವಾದಾಗ ಇವನ್ನೆಲ್ಲ ಮರಳಿ ಪಡೆಯಲೇ ಎಂಬುದಕ್ಕೂ ಟಿಕ್ ಇತ್ತು. ಅದನ್ನೂ ಕಿತ್ತೆ.

ಆಮೇಲೆ ಕಂಪ್ಯೂಟರಿನ ದೊಡ್ಡ ಸೆಟ್ಟಿಂಗ್ಸ್, 'ಡಿಫಾಲ್ಟ್ ಆ್ಯಪ್ಸ್'. ಮೇಲೆ ಬಾಲದ ಹೆಸರು ಬರೆದರೆ ಅದು ಯಾರ ಪಾಲಿಗಿದೆ ಎಂದು ತೋರಿಸುತ್ತದೆ. .xlsx ಬರೆದೆ, ಸ್ಪ್ರೆಡ್‌ಶೀಟಿಗೆ ಕೊಟ್ಟೆ. .xls ಬರೆದೆ, ಅದನ್ನೂ ಅಲ್ಲಿಗೇ ಕೊಟ್ಟೆ.

ಆರಿಸಿದೆ. ಹಚ್ಚಿದೆ. ಭಾವ ಹಿಂದೆ ನಿಂತು ಉಸಿರು ಬಿಗಿಹಿಡಿದಿದ್ದರು. ಒತ್ತಿದೆ.

ನದಿ.

ಮತ್ತೆ ಆರಿಸಿ ಹಚ್ಚಿದೆ. ನದಿ. ಈ ಸಲ ಭಾವನೇ ಪ್ಲಗ್ ಕಿತ್ತರು, "ಕರೆಂಟ್ ಹೋದ್ರೂ ನಿಲ್ಲುತ್ತಾ ನೋಡೋಣ" ಎಂದು. ಹಾಗೆಲ್ಲ ಕೀಳಬಾರದು ಎಂದು ಬೈದೆ. ಹಚ್ಚಿದೆ. ನದಿ!

ಕೂಗಿದೆ. ಏನು ಕೂಗಿದೆನೋ ಗೊತ್ತಿಲ್ಲ, ಕೆಳಗಿನಿಂದ ಸೀಟಿ ಕತ್ತರಿ ಹಿಡಿದೇ ಓಡಿಬಂದಳು. ಭಾವ ಅವಳಿಗೆ, "ಹಿಡಿದ್ಲು ನೋಡು, ಬಾಲದಿಂದಲೇ ಹಿಡಿದ್ಲು!" ಎಂದು ತಾವೇ ಹುಲಿ ಹೊಡೆದ ಹಾಗೆ ಹೇಳುತ್ತಿದ್ದರು. ಅಕ್ಕ ಮಲಗಿದಲ್ಲೇ ಎರಡೂ ಕೈ ಮಂಚದ ಕೆಳಗೆ ಇಳಿಬಿಟ್ಟು ಚಪ್ಪಾಳೆ ತಟ್ಟಿದಳು.

ಫೆಬ್ರವರಿ 14, ಶುಕ್ರವಾರ

ಅಕ್ಕನಿಗೆ ಸುಸ್ತು. ಕತ್ತು ನೋವು. ಕಡಲಿನ್ನೂ ಕಾಲು ಭಾಗ ಬಾಕಿ, ನದಿ ಅದಕ್ಕೆ ಸೇರುವ ಜಾಗ.

"ನೀನೇ ತುಂಬು," ಎಂದಳು.

"ನಾನಾ? ನಂಗೆ ಚಿತ್ರ ಬರಲ್ಲ."

"ಏಳು ನೀಲಿ ಯಾರ ಕೈಯವು? ಯಾವುದರ ಪಕ್ಕ ಯಾವುದು ಕೂತ್ರೆ ಹೇಗೆ ಕಾಣುತ್ತೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹೋಗು. ನಂಗೆ ನಿದ್ದೆ ಮಾಡೋಕೆ ಬಿಡು."

ತುಂಬಿದೆ. ಮೊದಲ ಸಾಲನ್ನು ಮೂರು ಸಲ ಅಳಿಸಿ ಬರೆದೆ. ಆಮೇಲೆ ಊಟದ ಹೊತ್ತು ದಾಟಿದ್ದೂ ತಿಳಿಯಲಿಲ್ಲ. ತಿಳಿನೀಲಿಯ ನಡುವೆ ನಾಲ್ಕನೆಯದನ್ನು ಎಳೆ ಎಳೆಯಾಗಿ ಬಿಟ್ಟೆ, ನೀರು ನೀರಿನೊಳಗೆ ಹೋಗುವ ಹಾಗೆ.

ಫೆಬ್ರವರಿ 26, ಬುಧವಾರ

ಬರೆಯಲು ಪುರುಸೊತ್ತಿಲ್ಲ. ಅಕ್ಕ ತಲೆ ಎತ್ತಿದ್ದಾಳೆ. ಮೊದಲು ನೋಡಿದ್ದು ಚಾವಣಿ. "ಎಷ್ಟು ಚೆನ್ನಾಗಿದೆ!" ಎಂದಳು. ಬರೀ ಸುಣ್ಣ ಹೊಡೆದ ಚಾವಣಿ.

ಸೀಟಿ ನಾನು ತುಂಬಿದ ಭಾಗಕ್ಕೆ ಬಂದಿದ್ದಾಳೆ. ಯಾರೂ ಹೇಳಿರಲಿಲ್ಲ. ಮಧ್ಯಾಹ್ನ ಕೈ ನಿಲ್ಲಿಸಿ, "ಇದು ದೊಡ್ಡಮ್ಮನ ಕೈ ಅಲ್ಲ," ಎಂದಳು.

ಎದ್ದು ಹತ್ತಿರ ಹೋದೆ. "ಕೆಟ್ಟಿದೆಯಾ?"

"ಇಲ್ಲಪ್ಪ. ದೊಡ್ಡಮ್ಮನ ನೀರು ಓಡುತ್ತೆ. ಇದು ಬಂದು ಸೇರುತ್ತೆ." ಮತ್ತೆ ಶಿಳ್ಳೆ ಹಾಕುತ್ತಾ ಗಂಟಿಗೆ ತೊಡಗಿದಳು.

ಮಾರ್ಚ್ 12, ಬುಧವಾರ

ಮಗ್ಗದಿಂದ ಕತ್ತರಿಸಿ ಇಳಿಸಿದೆವು. ಮೂರು ದಿನ ಮುಂಚೆ! ಹೊತ್ತು ಹೊರಗೆ ಹಾಸಿದಾಗ ದಾರಿಹೋಕರು ನಿಂತರು. ಅಕ್ಕ ಕಪ್ಪು ಕನ್ನಡಕ ಹಾಕಿಕೊಂಡು ಸುತ್ತಲೂ ನಡೆದಳು. ಕಡಲಿನ ಬಳಿ ಬಂದು ನಿಂತಳು. ಬಗ್ಗಿ ಮುಟ್ಟಿದಳು. ನನ್ನ ನೀಲಿ ಕೈ ಎಳೆದು ತನ್ನ ತೋಳಿನಡಿ ಇಟ್ಟುಕೊಂಡಳು, ಅಷ್ಟೇ.

ಮಾರ್ಚ್ 15, ಶನಿವಾರ

ಎಲ್ಲಿಂದ ಶುರು ಮಾಡಲಿ!

ಬೇಗ ಹೋಗಿದ್ದೆವು. ಗ್ರಂಥಪಾಲಕಿ ಬೆವರುತ್ತಿದ್ದಳು. ಬಹುಮಾನ ಪಡೆಯುವ ಮಕ್ಕಳ ಹೆಸರಿನ ಫೈಲ್ ಆಫೀಸ್ ಕಂಪ್ಯೂಟರಿನಲ್ಲಿ ತೆರೆಯುತ್ತಿಲ್ಲ, ಒತ್ತಿದರೆ ಹಾಡು ಹಾಕುವ ಸಾಫ್ಟ್‌ವೇರ್ ಬರುತ್ತಿದೆ. ಸಮಿತಿಯ ಹಿರಿಯರೇ ಕೂತು ಒಂದೇ ಸಮ ಒತ್ತುತ್ತಿದ್ದರು.

"ಸ್ವಲ್ಪ ಸರೀತೀರಾ?" ಎಂದೆ. ನನ್ನ ಬಾಯಿಂದಲೇ ಬಂತು ಆ ಮಾತು! ಬಾಲ ತೋರಿಸಿದೆ, ಬಲಗುಂಡಿ, ಯಾವಾಗಲೂ. ತೆರೆಯಿತು.

"ಕಂಪ್ಯೂಟರ್ ಕೆಲಸದಲ್ಲಿ ಇದೀರಾ?" ಕೇಳಿದರು ಹಿರಿಯರು.

"ಇಲ್ಲ ಸರ್, ಬಣ್ಣ ಹಾಕ್ತೀನಿ."

"ಹಾಗಾದ್ರೆ ಆ ನೀಲಿ ನಿಮ್ದೇನಾ?" ಎಂದು ಕೋಣೆಯತ್ತ ನೋಡಿದರು. ಬೂಟು ಬಿಚ್ಚಿ ಗಂಬಳಿಯ ಪಕ್ಕದಲ್ಲಿ ನಿಂತರು. ಮೇಲೆ ಕಾಲಿಡಲು ಮನಸ್ಸಾಗಲಿಲ್ಲ.

ಮಕ್ಕಳಿಗೆ ಆ ಸಂಕೋಚವಿರಲಿಲ್ಲ. ಬಾಗಿಲು ತೆರೆದಿದ್ದೇ ನುಗ್ಗಿದವು. ಆದರೆ ನದಿ ಕಂಡದ್ದೇ ನಿಂತವು! ಒಂದು ಗಿಡ್ಡ ಹುಡುಗಿ, "ಒದ್ದೆ ಆಗ್ತೀರ!" ಎಂದು ಕೂಗಿ ಈ ದಡದಿಂದ ಆ ದಡಕ್ಕೆ ಹಾರಿದಳು. ಎಲ್ಲವೂ ಹಾರಿದವು. ಹಾರುತ್ತಾ ಹಾರುತ್ತಾ ಕಡಲಿನ ತನಕ ಬಂದವು. ಅಲ್ಲಿ ನೀರು ಅಗಲ, ದಾಟಲಾಗದು. ಹುಡುಗಿ ದಡದಲ್ಲಿ ನಿಂತು ಯೋಚಿಸಿದಳು. ಮೂಗು ಹಿಡಿದುಕೊಂಡು ಧುಮುಕಿಯೇಬಿಟ್ಟಳು.

ಅಕ್ಕ ನಗುತ್ತಾ ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು. ಉಜ್ಜಬೇಡ ಎಂದು ನಾನೂ ಭಾವನೂ ಒಟ್ಟಿಗೇ ಬೈದೆವು.

ಮಾರ್ಚ್ 18, ಮಂಗಳವಾರ, ಬೆಳಿಗ್ಗೆ

ಗ್ರಂಥಪಾಲಕಿಯ ಫೋನ್. ಕಥೆ ಹೇಳುವ ಮೂಲೆಗೂ ಒಂದು ಗಂಬಳಿ ಬೇಕಂತೆ. ಹಿರಿಯರೇ ಕೇಳಿದರಂತೆ. ಅಕ್ಕ ಫೋನಿನಲ್ಲೇ ಹೇಳಿಬಿಟ್ಟಳು, "ಅದರ ಚಿತ್ರ ನನ್ನ ತಂಗಿ ಮಾಡ್ತಾಳೆ." ನನ್ನನ್ನು ಕೇಳಲೂ ಇಲ್ಲ.

"ಏನು ಮಾಡ್ಲಿ?" ಎಂದೆ.

"ನಿನ್ನ ಗಂಬಳಿ, ನನ್ನ ಕೇಳ್ಬೇಡ."

ಹೊಸ ಶೀಟ್ ತೆರೆದು ಕೂತಿದ್ದೇನೆ. ಇಷ್ಟೊಂದು ಖಾಲಿ ಮನೆಗಳು. ಬೆಳಗಿನ ಹೊಲ ಮಾಡಬೇಕೆಂದಿದೆ, ಈಗಷ್ಟೇ ಬಿಸಿಲು ಬೀಳುತ್ತಿರುವುದು. ಈ ಸಲ ನೀಲಿಯೇ ಇಲ್ಲ. ಮೇಲಿನ ಮೂಲೆಯ ಮೊದಲ ಮನೆಗೆ ತೆಳು ಹಳದಿ ಕೊಟ್ಟೆ. ಎರಡನೆಯದಕ್ಕೆ ಇನ್ನೂ ಸ್ವಲ್ಪ ಗಾಢ... ಅಲ್ಲ, ತಾಳು. ಅದರ ಪಕ್ಕ —